ಪಡುವಲಿಗೆ ತಿರುಗಿದ ಹೆಜ್ಜೆಗಳು

ಹೆಜ್ಜೆಯ ಗುಳಿಯಲ್ಲಿ ನಿಂತ ಹಿಮ್ಮಡಿಯ ನೀರನ್ನು ಕರಟದಲ್ಲಿ ಮೊಗೆದು ಚೆಲ್ಲಿ, ಮುಂಗಾಲಿನ ಕಡೆಗೆ ಬಂದಿದ್ದೆ. ಬೆಳಗಿನ ಮಳೆಗೆ ಬಯಲಿನ ಹೆಜ್ಜೆಗಳೆಲ್ಲ ತುಂಬಿಕೊಂಡಿದ್ದವು. ಬೆರಳುಗಳ ಗುಳಿಯಲ್ಲಿ ಉಳಿಯುವ ನೀರು ಕರಟಕ್ಕೆ ಸಿಗುವುದಿಲ್ಲ. ಅದನ್ನು ಹಳೆಯ ಸೀರೆಯ ಚೂರಿನಿಂದ ಒತ್ತಿ ತೆಗೆಯಬೇಕು. ತೆಗೆಯದಿದ್ದರೆ ಪಾಚಿ ಕಟ್ಟುತ್ತದೆ. ಪಾಚಿ ಕಟ್ಟಿದ ಮಾತ್ರಕ್ಕೆ ಹೆಜ್ಜೆಯೇನೂ ಅಳಿದುಹೋಗುವುದಿಲ್ಲ, ಆದರೆ ಗಂಡನ ಪಾದಕ್ಕೆ ಪಾಚಿ ಹಿಡಿಯಲು ಬಿಟ್ಟಳು ಎಂದು ಕೇರಿಯಲ್ಲಿ ಆಡಿಕೊಳ್ಳುತ್ತಾರೆ.

ಪಕ್ಕದ ಸಾಲಿನಲ್ಲಿ ಈರಜ್ಜಿ ಕುಕ್ಕರುಗಾಲಲ್ಲಿ ಕೂತು ತನ್ನ ಮೈದುನನ ಹೆಜ್ಜೆ ಒರೆಸುತ್ತಿದ್ದಳು.

"ಬದುಕಿದ್ದಾಗ ಒಂದಿನ ಕಾಲು ತೊಳ್ಕೊಂಡು ಒಳಿಕ್ಕೆ ಬಂದೋನಲ್ಲ" ಎಂದಳು. "ಸಗಣಿ ಕಾಲಲ್ಲೇ ಅಡುಗೆಮನೆಗೆ ನುಗ್ಗೋನು. ಬೈದ್ರೆ ನಗೋನು. ಈಗ ನೋಡು, ಮುದುಕಿಯಾದ್ರೂ ನಾನೇ ತೊಳೀತಾ ಕುಂತಿವ್ನಿ. ಗೆದ್ದೋನು ಅವ್ನೇ."

"ಬಿಟ್ಬಿಡು ಅಜ್ಜಿ, ಯಾರು ಕೇಳ್ತಾರೆ ನಿನ್ನ" ಎಂದೆ.

"ಬಿಟ್ರೆ ಸಂಜೆ ಎಲ್ಲಿಗೋಗ್ಲಿ? ಮನೇಲಿ ಸೊಸೆ ಮೊಖ ನೋಡ್ಕೊಂಡು ಕೂರ್ಲಾ?"

ಸಂಜೆ ನಮ್ಮ ಪಾಲು. ಬೆಳಿಗ್ಗೆ ಕೋಟೆಯ ಹೆಂಗಸರು ಬಂದು ತಮ್ಮವರ ಹೆಜ್ಜೆಗಳನ್ನು ಗುಡಿಸಿ ಹೋಗುತ್ತಾರೆ. ಹೊತ್ತಿಳಿದ ಮೇಲೆ ಪೇಟೆಯವರಾದ ನಾವು ಬರುತ್ತೇವೆ. ಒಬ್ಬರ ಮುಖ ಒಬ್ಬರು ನೋಡದ ಹಾಗೆ ಈ ಏರ್ಪಾಡು ತಾನಾಗಿ ಆದದ್ದು. ಊರು ಒಂದೇ. ಮೂಡಲಿಗೆ ಕೋಟೆ, ಪಡುವಲಿಗೆ ಪೇಟೆ, ನಡುವೆ ಈ ಬಯಲು. ಕೋಟೆಯವರು ಹಳೆಯ ಆಳ್ವಿಕೆಯೇ ಇರಲಿ ಎಂದರು, ಪೇಟೆಯವರು ಬೇಡವೆಂದರು. ಅಣ್ಣತಮ್ಮಂದಿರು, ಬೀಗರು, ಒಂದೇ ಎಲೆಯಲ್ಲಿ ಉಂಡವರು ಕತ್ತಿ, ಕೋವಿ ಹಿಡಿದು ಇಲ್ಲಿ ಬಂದು ಬಡಿದಾಡಿ ಸತ್ತರು. ಆ ದಿನ ಊರಿನಲ್ಲಿ ಯಾರು ಎಲ್ಲಿ ಕಾಲಿಟ್ಟರೋ ಆ ಹೆಜ್ಜೆ ಅಲ್ಲೇ ನಿಂತುಬಿಟ್ಟಿತು. ಅದರ ಹಿಂದಿನ ದಿನದ್ದಿಲ್ಲ, ಮಾರನೆಯ ದಿನದ್ದಿಲ್ಲ.

ಮೊದಮೊದಲು ಹೆದರಿದ್ದೆವು. ಈಗ ಅದರೊಂದಿಗೆ ಬದುಕುವುದು ರೂಢಿಯಾಗಿದೆ. ಚಹಾದಂಗಡಿಯವನು ಓಡಿಹೋದವರ ಹೆಜ್ಜೆಗಳ ಮೇಲೆ ಬೆಂಚು ಹಾಕಿದ್ದಾನೆ. ಹೊಸ ಮನೆ ಕಟ್ಟುವವರು ಮೊದಲು ನೆಲ ಕೆರೆಸಿ ನೋಡುತ್ತಾರೆ, ಗಾರೆ ಹಾಕಿದರೂ ಕಲ್ಲು ಹಾಸಿದರೂ ತಿಂಗಳೊಳಗೆ ಹೆಜ್ಜೆ ಮೇಲಕ್ಕೆ ಬಂದೇ ಬರುತ್ತದೆ. ಮಕ್ಕಳು ಬಾಗಿಲಲ್ಲಿ ಓರೆಯಾಗಿ ನಡೆಯುವುದನ್ನು ತಾವಾಗಿಯೇ ಕಲಿಯುತ್ತವೆ. ಹುಲ್ಲು, ಮುಳ್ಳು ಬೆಳೆದರೆ ಮಾತ್ರ ಹೆಜ್ಜೆ ಮುಚ್ಚಿಹೋಗುತ್ತದೆ. ಕಿತ್ತರೆ ಕೆಳಗೆ ಹಾಗೇ ಇರುತ್ತದೆ.

ನಾನು ಹುಟ್ಟಿದ್ದು ಕೋಟೆಯಲ್ಲಿ, ಕೊಟ್ಟದ್ದು ಪೇಟೆಗೆ. ನಮ್ಮೆಜಮಾನರು ಚೆಲುವಯ್ಯ ಪೇಟೆಯ ಕಡೆ ನಿಂತರು. ನನ್ನ ಅಣ್ಣ ಗಿರಿಯಣ್ಣ ಕೋಟೆಯ ಕಡೆ ನಿಂತ. ಬಯಲಿನ ತೆಂಕಲ ಅಂಚಿನಲ್ಲಿ ಪೇಟೆಯವರೆಗೂ ಉದ್ದಕ್ಕೆ ಬೆಳೆದ ಜಾಲಿ ಇತ್ತು. ಕಾಳಗ ಮುಗಿದ ಮೇಲೆ ಅದರೊಳಗಿನಿಂದ ಇಬ್ಬರ ಹೆಣಗಳನ್ನೂ ಕೊಕ್ಕೆಗೋಲು ಹಾಕಿ ಎಳೆದು ತೆಗೆದರು. ಕೈಗೆ ಕೈ ಎಟುಕುವಷ್ಟು ಹತ್ತಿರ ಬಿದ್ದಿದ್ದರಂತೆ. ಜಾಲಿಯ ಅಂಚಿನಲ್ಲಿ ಇಬ್ಬರ ಹೆಜ್ಜೆಗಳೂ ಎದುರುಬದುರಾಗಿ ಕಲಸಿಹೋಗಿದ್ದವು. ಹಿರಿಯರು ಅದನ್ನು ನೋಡಿ, ಭಾವಮೈದುನರು ಒಬ್ಬರನ್ನೊಬ್ಬರು ಕೊಂದುಕೊಂಡರು ಎಂದು ತೀರ್ಮಾನಿಸಿದರು. ಅಂದಿನಿಂದ ಅಣ್ಣನ ಹೆಂಡತಿ, ಅತ್ತಿಗೆ ಹೊಂಬಾಳಮ್ಮ, ನನ್ನ ಜೊತೆ ಮಾತು ಬಿಟ್ಟಳು. ನನ್ನ ಮಗಳು ಆಗ ತೊಟ್ಟಿಲಲ್ಲಿದ್ದಳು. ಈಗ ಅವಳೇ ತೊಟ್ಟಿಲು ತೂಗುತ್ತಿದ್ದಾಳೆ.

ಆ ಮಳೆಯ ದಿನ ಸಂಜೆ ನಾನೂ ಈರಜ್ಜಿಯೂ ಒರೆಸುವುದು ಮುಗಿಯುವ ಹೊತ್ತಿಗೆ ಪದ್ಮನಾಭಯ್ಯ ಮೇಷ್ಟ್ರು ಕೊಡೆಯನ್ನು ಊರಿಕೊಂಡು ಬಂದರು. ಬಯಲನ್ನು ಸ್ಮಾರಕವನ ಮಾಡುವ ಸಮಿತಿಗೆ ಅವರೇ ಅಧ್ಯಕ್ಷರು. ಸುತ್ತ ಕಲ್ಲುಕಂಬ ನೆಟ್ಟು ತಂತಿ ಎಳೆದಾಗಿತ್ತು. ಪರ ಊರಿನವರು ಬಂದು ನೋಡಲು ಕಾಲುದಾರಿ, ಕೂರಲು ಬೆಂಚು, ಕೋಟೆಗೊಂದು ಪೇಟೆಗೊಂದು ಹೆಸರಿನ ಕಂಬ. ಒಬ್ಬೊಬ್ಬರ ಕೊನೆಯ ಹೆಜ್ಜೆಯ ಪಕ್ಕದಲ್ಲಿ ಹೆಸರುಗಲ್ಲು ಹೂಳುವುದು ಬಾಕಿ ಇತ್ತು.

"ಸಣ್ಣತಾಯಮ್ಮ, ಜಾಲಿಯೆಲ್ಲ ಕಡಿಸಿ ಸುಡಿಸಿದ್ದೇವೆ" ಎಂದರು. "ಬೂದಿ ಹಾರಿಸಿ, ಕೆಳಗೆ ಏನಾದರೂ ಇದೆಯಾ ನೋಡಬೇಕು. ನಾಳೆ ಬೆಳಿಗ್ಗೆ ನೀವಿಬ್ಬರು ಬನ್ನಿ. ಕೋಟೆಯಿಂದಲೂ ಇಬ್ಬರು ಬರುತ್ತಾರೆ. ನಾಡಿದ್ದು ಹೆಸರಿಡುವ ದಿನ. ಯಾರೂ ತಮ್ಮವರದು ಅನ್ನದ ಹೆಜ್ಜೆಗಳ ಮೇಲೆ ಹುಲ್ಲು ಹಾಸಿಬಿಡುತ್ತೇವೆ."

"ಬೆಳಿಗ್ಗೇನಾ?" ಎಂದಳು ಈರಜ್ಜಿ. "ಕೋಟೆಯೋರ ಜೊತೆಗಾ? ಪೊರಕೇಲಿ ಹೊಡೆದಾಡಿದ್ರೆ ಅದುಕ್ಕೂ ಒಂದು ಕಂಬ ನೆಡ್ತೀರಾ ಮೇಷ್ಟ್ರೇ?"

ಮೇಷ್ಟ್ರು ನಗಲಿಲ್ಲ. ಬೈಯಲೂ ಇಲ್ಲ.

ಕಂಬದ ಮೇಲೆ ಯಾರ ಹೆಸರು ಬರಬೇಕು ಎನ್ನುವುದನ್ನು ಎರಡೂ ಕೇರಿಯವರು ಒಟ್ಟಿಗೆ ಕೂತು ನಿರ್ಧರಿಸಿದ್ದರು. ಆ ಸಭೆಯಲ್ಲಿ ಜಗಳವಿಲ್ಲದೆ ಒಪ್ಪಿಗೆಯಾದ ಮಾತು ಅದೊಂದೇ. ಪೇಟೆಯವನ ಕೊನೆಯ ಹೆಜ್ಜೆಯಲ್ಲಿ ಬೆರಳು ಮೂಡಲಿಗಿರಬೇಕು, ಕೋಟೆಯವನದರಲ್ಲಿ ಪಡುವಲಿಗಿರಬೇಕು. ತನ್ನ ಕೇರಿಯ ಕಡೆಗೇ ಬೆರಳು ತಿರುಗಿದ್ದರೆ ಕಲ್ಲಿಲ್ಲ, ಕಂಬದಲ್ಲಿ ಹೆಸರಿಲ್ಲ. ಮೇಷ್ಟ್ರೂ ಪೇಟೆಯವರೇ. ಅವರ ಒಬ್ಬನೇ ಮಗನ ಹೆಜ್ಜೆ ಬಯಲಿನ ನಡುವೆ ತಿರುಗಿ ಪೇಟೆಯ ಕಡೆಗೆ ಮೂರು ಅಡಿ ಓಡಿತ್ತು. ಅವರು ತಮ್ಮ ಕೈಯಾರೆ ಅವನ ಹೆಸರು ಹೊಡೆದುಹಾಕಿದರು. ಅವರ ಹೆಂಡತಿ ಆಮೇಲೆ ಬಯಲಿಗೆ ಬಂದದ್ದನ್ನು ಯಾರೂ ನೋಡಿಲ್ಲ. ಅಂಥ ಮನುಷ್ಯನ ಹತ್ತಿರ ಇನ್ನೊಬ್ಬರ ವಿಷಯದಲ್ಲಿ ಸ್ವಲ್ಪ ನೋಡಿ ಎಂದು ಕೇಳಲು ಯಾರಿಗೆ ಬಾಯಿ ಬರುತ್ತದೆ.

ಮಾರನೆಯ ದಿನ ಬೆಳಕು ಹರಿಯುತ್ತಲೇ ನಾವು ಹೋದಾಗ ಕೋಟೆಯವರು ಇನ್ನೂ ಬಂದಿರಲಿಲ್ಲ. ಸುಟ್ಟ ಜಾಲಿಯ ವಾಸನೆ ಗಂಟಲು ಹಿಡಿಯುತ್ತಿತ್ತು. ಈರಜ್ಜಿ ಪೇಟೆಯ ಕಡೆಯ ತುದಿಯಿಂದ ಶುರುಮಾಡಿದಳು. ನಾನು ಅಂಚಿನಿಂದ, ಗಂಡ, ಅಣ್ಣ ಇಬ್ಬರ ಹೆಜ್ಜೆಗಳೂ ಕಲಸಿಹೋದ ಜಾಗದಿಂದ ಹಿಡಿದೆ. ಬೂದಿಯನ್ನು ಮೆಲ್ಲಗೆ ಗುಡಿಸಿ, ಉಳಿದದ್ದನ್ನು ಬಾಯಿಂದ ಊದಬೇಕು.

ಅಣ್ಣನ ಪಾದ ನನಗೆ ಗೊತ್ತು. ಅವನ ಎರಡೂ ಕಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿದ್ದವು. ಚಿಕ್ಕವಳಿದ್ದಾಗ ಅದನ್ನು ಹಿಡಿದೆಳೆದು ಸರಿಮಾಡಲು ನೋಡುತ್ತಿದ್ದೆ, ಬಿಟ್ಟ ಕೂಡಲೇ ಮತ್ತೆ ಹೋಗಿ ಕೂರುತ್ತಿತ್ತು. ಅಂಚಿನವರೆಗೆ ಅವನ ಎಡಗಾಲು ಮಾತ್ರ ಪೂರ್ತಿ ಊರಿತ್ತು. ಬಲಗಾಲಿನದು ಬರೀ ಎಳೆದ ಗೆರೆ. ಇಷ್ಟು ವರ್ಷ ಅದನ್ನು ಗುದ್ದಾಟದ ಗುರುತು ಎಂದೇ ಎಲ್ಲರೂ ಅಂದುಕೊಂಡಿದ್ದೆವು, ನಾನೂ ಸೇರಿ. ಅಲ್ಲಿಂದ ಮುಂದಕ್ಕೆ, ಜಾಲಿಯಿದ್ದ ನೆಲದಲ್ಲಿ, ಅವನ ಹೆಜ್ಜೆ ಇರಲೇ ಇಲ್ಲ. ಎಷ್ಟು ಗುಡಿಸಿದರೂ ಇನ್ನೊಂದೇ ಹೆಜ್ಜೆ. ಅಗಲವಾದ ಪಾದ, ಹೆಬ್ಬೆರಳು ಉಳಿದ ಬೆರಳುಗಳನ್ನು ಬಿಟ್ಟು ದೂರ ನಿಂತದ್ದು. ನಾನು ದಿನಾ ಒರೆಸುವ ಪಾದವೇ. ಆದರೂ ಮೊದಲು ಅನುಮಾನ ಬಂತು, ಯಾಕೆಂದರೆ ಇವು ತುಂಬಾ ಆಳವಾಗಿದ್ದವು. ಬಯಲಿನಲ್ಲಿರುವ ಅವರ ಹೆಜ್ಜೆಗೆ ಅರ್ಧ ಕರಟ ನೀರು ಹಿಡಿದರೆ ಇವಕ್ಕೆ ತುಂಬ ಒಂದು ಕರಟ ಹಿಡಿಯುತ್ತದೆ. ಹೆಜ್ಜೆಗೂ ಹೆಜ್ಜೆಗೂ ನಡುವೆ ಅಂತರ ಕಡಿಮೆ. ಹಿಮ್ಮಡಿ ಒಂದು ಕಡೆ ಜಾರಿ, ಮತ್ತೆ ಗಟ್ಟಿಯಾಗಿ ಊರಿತ್ತು.

ಸೊಂಟದಲ್ಲೊಂದು ತಲೆಯ ಮೇಲೊಂದು ಕೊಡ ಹೊತ್ತು ಕೆರೆಯ ಏರಿ ಹತ್ತಿದವಳಿಗೆ ಅಂಥ ಹೆಜ್ಜೆ ಯಾವುದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬಸುರಿಯಾಗಿದ್ದಾಗ ಮಳೆಯ ಅಂಗಳದಲ್ಲಿ ನನ್ನ ಕಾಲೇ ಹಾಗೆ ಹೂತುಕೊಳ್ಳುತ್ತಿತ್ತು. ನಮ್ಮೆಜಮಾನರು ಬಲಗಾಲು ಊರಲಾಗದ ಅಣ್ಣನನ್ನು ಬೆನ್ನ ಮೇಲೆ ಹೊತ್ತಿದ್ದರು.

ಪೊರಕೆ ಕೆಳಗಿಟ್ಟು ಕೈಯಿಂದಲೇ ಬೂದಿ ಸರಿಸುತ್ತಾ ಹೋದೆ. ಎಲ್ಲ ಬೆರಳುಗಳೂ ಪಡುವಲಿಗಿದ್ದವು. ಕಡೆಯ ಹೆಜ್ಜೆಯ ಮುಂದೆ ಎರಡು ಮೊಣಕಾಲು ಊರಿದ ಗುಳಿಗಳು. ಯಾರ ಕಡೆಯ ಗುಂಡು ತಗಲಿತೋ ಮಣ್ಣಿನಲ್ಲಿ ಗುರುತಿಲ್ಲ. ತಲೆಯೆತ್ತಿದರೆ ಪೇಟೆಯ ಹೆಂಚುಗಳು ಕಂಡವು, ಮೂರನೆಯ ಸೂರು ನಮ್ಮದು. ಅವತ್ತು ನಾನು ಆ ಬಾಗಿಲಿಗೆ ಅಗುಳಿ ಹಾಕಿ, ಮಗುವಿನ ಬಾಯಿಗೆ ಸೆರಗು ಅಡ್ಡ ಹಿಡಿದು, ಒಳಗೆ ಕೂತಿದ್ದೆ. ಅವರು ನನ್ನ ಅಣ್ಣನನ್ನು ನನ್ನ ಹತ್ತಿರ ಕರೆತರುತ್ತಿದ್ದರು.

ಅಳು ಬರಲಿಲ್ಲ. ಎದೆಯೊಳಗೆ ಏನೋ ಕೂತಲ್ಲಿಂದ ಎದ್ದು ಇನ್ನೊಂದು ಕಡೆ ಹೋಗಿ ಕೂತ ಹಾಗಾಯಿತು. ಗಂಡ ನನ್ನ ಅಣ್ಣನನ್ನು ಕೊಂದವನೋ, ಅಣ್ಣ ನನ್ನ ಗಂಡನನ್ನು ಕೊಂದವನೋ, ಯಾರಿಗಾಗಿ ಅಳಬೇಕು ಎಂದು ತಿಳಿಯದೆ ನಾನು ಇಬ್ಬರಿಗೂ ಸರಿಯಾಗಿ ಅತ್ತಿರಲಿಲ್ಲ. ದಿನಾ ಪಾದ ಒರೆಸುವುದು ಒರೆಸುತ್ತಿದ್ದೆ, ಮನಸ್ಸು ಮಾತ್ರ ಅಷ್ಟು ದೂರದಲ್ಲೇ ನಿಂತಿರುತ್ತಿತ್ತು.

ಆಮೇಲೆ ಮೇಷ್ಟ್ರ ನಿಯಮ ನೆನಪಾಯಿತು. ಇದು ಚೆಲುವಯ್ಯನ ಹೆಜ್ಜೆ ಎಂದು ಹೇಳಿದರೆ, ಪೇಟೆಯವನ ಬೆರಳು ಪೇಟೆಯ ಕಡೆಗೇ ತಿರುಗಿದಂತಾಯಿತು. ಹೆಸರು ಹೋಯಿತು. ಕೋಟೆಯವನೊಬ್ಬನನ್ನು ಹೊತ್ತು ತಂದವನು ಎಂದರೆ ಕೇರಿಯಲ್ಲಿ ಇನ್ನೂ ಏನೇನು ಅನ್ನುತ್ತಾರೋ. ಅಣ್ಣನದು ಅದಕ್ಕಿಂತ ಕಷ್ಟ. ಅಂಚಿನಲ್ಲಿ ಬೆರಳು ಎತ್ತ ಇದ್ದರೂ, ಶತ್ರುವಿನ ಬೆನ್ನೇರಿ ಹೋದವನದನ್ನು ಕಡೆಯ ಹೆಜ್ಜೆಯೆಂದು ಯಾರೂ ಒಪ್ಪುವುದಿಲ್ಲ. ಎರಡು ಕಂಬಗಳಲ್ಲಿ ಎರಡು ಹೆಸರು ಅಳಿಯುತ್ತವೆ.

ಕೋಲು ಊರಿಕೊಂಡು ಯಾರೋ ಬರುವ ಸದ್ದಾಯಿತು. ತಿರುಗಿದರೆ ಹೊಂಬಾಳಮ್ಮ, ಒಬ್ಬಳೇ. ಕೋಲಿನಿಂದ ಮುಂದಿನ ನೆಲ ತಡವಿ, ತಡವಿದಲ್ಲಿ ಕಾಲಿಡುತ್ತಿದ್ದಳು. ಅಷ್ಟು ಹಣ್ಣಾಗಿದ್ದಾಳೆಂದು ನನಗೆ ಗೊತ್ತಿರಲಿಲ್ಲ.

"ಯಾರಲ್ಲಿ, ಈರಜ್ಜಿಯಾ?" ಎಂದಳು.

"ನಾನು, ಅತ್ತಿಗೆ."

ಅವಳು ನಿಂತುಬಿಟ್ಟಳು. ತಿರುಗಿ ಹೋಗುತ್ತಾಳೆ ಎಂದುಕೊಂಡೆ.

"ಸಣ್ಣತಾಯಿಯಾ" ಎಂದಳು ಕಡೆಗೆ. "ಕೋಟೆಯೋರು ಯಾರೂ ಬಂದಿಲ್ವಾ?"

"ಇಲ್ಲ."

"ನಿನ್ನನ್ನೇ ಕೇಳೋದು ನನ್ನ ಹಣೇಲಿ ಬರೆದಿತ್ತು ಅಂತ ಕಾಣ್ತದೆ."

"ಕಣ್ಣಿಗೇನಾಯ್ತು ಅತ್ತಿಗೆ?"

"ಹೊಗೆ ತುಂಬ್ಕಂಡಂಗೈತೆ. ಬೆಳಕು ಗೊತ್ತಾಯ್ತದೆ, ಮನುಸ್ರು ಗೊತ್ತಾಗಾಕಿಲ್ಲ. ಒಳ್ಳೇದೇ ಆಯ್ತು ಬಿಡು, ಪೇಟೆಯೋರ ಮೊಖ ನೋಡೋದು ತಪ್ತು." ಕೋಲನ್ನು ಇನ್ನೊಂದು ಕೈಗೆ ಬದಲಿಸಿದಳು. "ನಾಳೆ ಕೋಟೆ ಕಂಬಕ್ಕೆ ಮೊದಲ ನೀರು ನನ್ನ ಮಗನೇ ಎರೀತಾನೆ. ಕೋಟೆಯೋರೆಲ್ಲ ಸೇರಿ ಅವ್ನೇ ಆಗ್ಲಿ ಅಂದವ್ರೆ, ಅಪ್ಪನ ಹೆಸರಿಗೆ. ನಮ್ಮಪ್ಪ ಎಲ್ಲಿ ನಿಂತವ್ನೆ ಅಂತ ಅವ್ನು ಕೇಳಿದಾಗೆಲ್ಲ ಜಾಲಿ ಒಳಗವ್ನೆ ಮಗ, ಹೋಗಾಕಾಗಲ್ಲ ಅಂತಿದ್ದೆ. ಈಗ ಜಾಲಿ ಇಲ್ಲ. ನಿನ್ನ ಅಣ್ಣನ ಪಾದ ನೀನು ಮರೆತಿರಾಕಿಲ್ಲ. ನೋಡಿ ಹೇಳು. ಬೆರಳು ಎತ್ತಕಡಿಕೈತೆ?"

ನನ್ನ ಕೈಯಲ್ಲಿ ಬೂದಿ ಮೆತ್ತಿಕೊಂಡಿತ್ತು. ಸೆರಗಿಗೆ ಒರೆಸಿಕೊಂಡೆ. ಉತ್ತರಕ್ಕೆ ಕಾಯುತ್ತಾ ಅವಳು ಬಾಯಿ ಸ್ವಲ್ಪ ತೆರೆದೇ ಇಟ್ಟಿದ್ದಳು. ಮದುವೆಯಾಗಿ ನಮ್ಮ ಮನೆಗೆ ಬಂದ ಹೊಸದರಲ್ಲೂ ಹಾಗೇ ಇರುತ್ತಿದ್ದಳು, ಅವ್ವ ಏನಾದರೂ ಕೇಳಿದರೆ ಹೆದರಿ.

"ಪಡುವಲಿಗೆ" ಎಂದೆ. ಹೆಜ್ಜೆಗಳಿದ್ದದ್ದು ಪಡುವಲಿಗೇ. ಆ ಮಾತಿನಲ್ಲಿ ಸುಳ್ಳಿರಲಿಲ್ಲ.

ಅವಳು ಕೈ ಚಾಚಿದಳು. "ಕರ್ಕಂಡೋಗು."

ಕೈ ಹಿಡಿದೆ. ಒಣಗಿದ ಕೈ, ಗೆಣ್ಣುಗಳು ಊದಿದ್ದವು. ಅಣ್ಣ ನಿಜಕ್ಕೂ ನಿಂತ ಜಾಗಕ್ಕೆ, ಅಂಚಿಗೆ, ನಾನು ಅವಳನ್ನು ಕರೆದೊಯ್ಯಲಿಲ್ಲ. ನಮ್ಮೆಜಮಾನರ ಕಡೆಯ ಹೆಜ್ಜೆಯ ಹತ್ತಿರ ಕೂರಿಸಿ, "ಇದೇ" ಎಂದೆ.

ಅವಳು ಎರಡೂ ಕೈಗಳನ್ನು ಹೆಜ್ಜೆಯೊಳಗೆ ಇಳಿಸಿದಳು. ಹಿಮ್ಮಡಿಯ ಸುತ್ತ ಬೆರಳಾಡಿಸಿದಳು.

"ಏಸು ಆಳ ಊರವ್ರೆ" ಎಂದಳು. ದನಿ ಅವಳದಲ್ಲದ ಹಾಗಿತ್ತು. "ಧಾರೆ ದಿನ ನಾನು ಪಾದ ತೊಳೀವಾಗ ಹಗೂರಕ್ಕೆ ಇಟ್ಟಿದ್ರು, ಎಲ್ಲಿ ನನ್ನ ಕೈ ನೊಂದದೋ ಅಂತ. ಈ ಮನುಸ ಹಿಂಗೆ ನೆಲ ಇಳಿಯಂಗೆ ನಡೆದವ್ರಾ?"

ಆ ಆಳದಲ್ಲಿ ಅಣ್ಣನ ಭಾರವಿದೆ ಎಂದು ಹೇಳಬೇಕೆನಿಸಿತು. ಹೆಜ್ಜೆಯ ಪಕ್ಕದ ಬೂದಿ ಸರಿಸಿದೆ.

ಅವಳ ಬೆರಳುಗಳು ಮುಂದಕ್ಕೆ ಹೋದವು. ಹೆಬ್ಬೆರಳಿನ ಗುಳಿ, ಪಕ್ಕದ್ದು, ಅದರ ಪಕ್ಕದ್ದು. ಕಿರುಬೆರಳಿಗೆ ಬಂದು ನಿಂತವು. ಅಲ್ಲಿ ಗುಳಿ ನೆಟ್ಟಗೆ, ಬೇರೆಯಾಗಿ ಇತ್ತು. ಅವಳು ಅದನ್ನು ಮತ್ತೊಮ್ಮೆ ಮುಟ್ಟಿದಳು, ಉಗುರಿನ ತುದಿಯಿಂದ ಗೀರಿ ನೋಡಿದಳು. ದೂರದಲ್ಲಿ ಈರಜ್ಜಿ ಕೆಮ್ಮುತ್ತಿದ್ದಳು.

"ಮಣ್ಣು ಸವೆದೈತೆ" ಎಂದಳು ಹೊಂಬಾಳಮ್ಮ. "ಮಳೆಗೆ."

ನಮ್ಮೂರಿನಲ್ಲಿ ಯಾವ ಮಳೆಗೂ ಹೆಜ್ಜೆ ಸವೆದದ್ದಿಲ್ಲ. ಅದು ಅವಳಿಗೂ ಗೊತ್ತು. "ಹೂಂ ಅತ್ತಿಗೆ" ಎಂದೆ.

ಅವಳು ಬೆರಳುಗಳ ಮಣ್ಣನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಮುಖ ಬೇರೆ ಕಡೆ ಇಟ್ಟುಕೊಂಡೇ ಕೇಳಿದಳು. "ನಿನ್ನ ಗಂಡಂದು?"

"ಅಂಚಿನ ತನಕ ಐತೆ, ಬೆರಳು ಮೂಡಲಿಗೆ. ಮುಂದಕ್ಕಿಲ್ಲ."

"ಹಂಗಾದ್ರೆ ನಮ್ಮನೆಯೋರೇ ಅವ್ನನ್ನ ಕೆಡವಿ, ಎಳ್ಕಂಡು ಬಂದವ್ರೆ. ಅದುಕ್ಕೇ ಇಷ್ಟು ಆಳ."

ಅವಳನ್ನು ಎಬ್ಬಿಸಿ ನಿಲ್ಲಿಸಿದೆ. ಹೊರಡುವಾಗ ನನ್ನ ಮುಂಗೈಯನ್ನು ಬಿಡದೆ ಹಿಡಿದು, "ನಾಳೆ ನೀನೇ ಹೇಳ್ಬೇಕು" ಎಂದಳು. "ನನ್ನ ಕುರುಡುಗಣ್ಣನ್ನ ಮೇಷ್ಟ್ರು ನಂಬಾಕಿಲ್ಲ. ಅಣ್ಣಂದು ಅಂತ ತಂಗಿ ಅಂದ್ರೆ ನಂಬ್ತಾರೆ. ಅನ್ನೋದಾದ್ರೆ ಅನ್ನು. ಇಲ್ದಿದ್ರೆ ಬ್ಯಾಡ. ನಾನು ಬೇಡ್ತಾ ಇಲ್ಲ." ಕೈಬಿಟ್ಟು ಕೋಲು ತಡವುತ್ತಾ ಹೋದಳು. ತಿರುಗಿ ನೋಡಲಿಲ್ಲ, ನೋಡಿದ್ದರೂ ಅವಳಿಗೆ ಏನೂ ಕಾಣುತ್ತಿರಲಿಲ್ಲ.

ಅವಳು ತಂತಿಯ ಬಾಗಿಲು ದಾಟುವಾಗ ಪದ್ಮನಾಭಯ್ಯ ಎದುರಾದರು. ಮೇಷ್ಟ್ರು ನನ್ನ ಹತ್ತಿರ ಬಂದು, ಗುಡಿಸಿದ ಸಾಲನ್ನು ಉದ್ದಕ್ಕೂ ನೋಡಿದರು.

"ಒಬ್ಬರದೇ ಇದ್ದ ಹಾಗಿದೆ. ಯಾರದಮ್ಮ ಇದು?"

"ಬೂದಿ ಇನ್ನೂ ಪೂರ್ತಿ ಹೋಗಿಲ್ಲ ಮೇಷ್ಟ್ರೇ. ನಾಳೆ ಹೇಳ್ತೀನಿ."

"ನಿಧಾನವಾಗಿ ನೋಡು. ಅವಸರವಿಲ್ಲ. ಕಲ್ಲಿನ ಮೇಲೆ ಒಂದು ಸಲ ಬರೆದರೆ ಮುಂದೆ ಬರುವವರಿಗೆ ಅದೇ ನಿಜ." ಅವರು ಕೊಡೆಯ ತುದಿಯಿಂದ ಒಂದು ಜಾಲಿಯ ಬೇರನ್ನು ಅತ್ತ ತಳ್ಳಿದರು. "ನಮ್ಮ ಮನೆಯವಳು ಕೇಳುತ್ತಾಳೆ, ಮೂರು ಅಡಿ ಅಷ್ಟೇ ಅಲ್ಲವಾ, ಯಾರು ನೋಡುತ್ತಿದ್ದರು ಅಂತ. ಏನು ಹೇಳಲಿ."

ಅವರು ಮಗನ ಹೆಜ್ಜೆಗಳಿದ್ದ ಕಡೆಯನ್ನು ಬಿಟ್ಟು, ಸುತ್ತು ಹಾಕಿಕೊಂಡು ಹೊರಟುಹೋದರು.

ನಾನು ಮತ್ತೆ ಕೂತೆ. ನಿಜ ಹೇಳಿದರೆ ನಮ್ಮೆಜಮಾನರು ನನಗೆ ಸಿಗುತ್ತಾರೆ. ನನ್ನ ಮಗಳಿಗೆ ಅವಳ ಅಪ್ಪ ಎಂಥವನೆಂದು ಗೊತ್ತಾಗುತ್ತದೆ. ಸೋದರಮಾವನನ್ನು ಕೊಂದವನ ಮಗಳು ಎನ್ನುವ ಮಾತನ್ನು ಅವಳು ಬುದ್ಧಿ ಬಂದಾಗಿನಿಂದ ಕೇಳಿದ್ದಾಳೆ. ಅದರ ಬದಲು ಬೆನ್ನು ತಿರುಗಿಸಿದವನ ಮಗಳು ಎನ್ನುತ್ತಾರೆ, ಅದನ್ನೂ ಅವಳು ಸಹಿಸಿಯಾಳು. ಹೊಂಬಾಳಮ್ಮನ ಮಗನಿಗೆ ಮಾತ್ರ ನಾಳೆ ಕೋಟೆಯವರ ಎದುರಿಗೆ ನೀರಿನ ಚೊಂಬು ಹಿಡಿದು ನಿಂತಾಗ, ನಿಮ್ಮಪ್ಪನಿಗೆ ಹೆಜ್ಜೆಯೇ ಇಲ್ಲ ಎನ್ನುತ್ತಾರೆ. ಆ ಕುರುಡಿ ಮನೆಗೆ ಹೋಗುವ ದಾರಿಯಲ್ಲಿ ಏನನ್ನು ಊರಿಕೊಂಡು ಹೋಗುತ್ತಾಳೆ.

ಸುಳ್ಳು ಹೇಳಿದರೆ ಈ ಹೆಜ್ಜೆಗಳ ಪಕ್ಕದಲ್ಲಿ ಗಿರಿಯಣ್ಣನ ಹೆಸರಿನ ಕಲ್ಲು ಬರುತ್ತದೆ. ಆಮೇಲೆ ಇವು ಕೋಟೆಯವರ ಹೆಜ್ಜೆಗಳು. ಬೆಳಿಗ್ಗೆ ಅವರು ಬಂದು ಗುಡಿಸುತ್ತಾರೆ. ಸಂಜೆ ಬರುವ ನಾನು ಇವನ್ನು ಮುಟ್ಟುವಂತಿಲ್ಲ, ಮಳೆ ನೀರು ನಿಂತಿದ್ದರೂ ಮೊಗೆಯುವಂತಿಲ್ಲ. ಅಂಚಿನ ಆಚೆಯ ಹೆಜ್ಜೆಗಳು ನನ್ನ ಪಾಲಿಗೆ ಉಳಿಯುತ್ತವೆ, ಅವರು ಹೊಡೆದಾಡಲು ಹೋದಾಗಿನವು. ನನ್ನ ಕಡೆಗೆ ಬಂದ ಹೆಜ್ಜೆಗಳು ಬೇರೆಯವರಿಗೆ ಹೋಗುತ್ತವೆ.

ನಮ್ಮೆಜಮಾನರಾಗಿದ್ದರೆ ಏನು ಮಾಡುತ್ತಿದ್ದರು ಎಂದು ಕೇಳಿಕೊಂಡೆ. ಕೇಳಿಕೊಂಡ ಮೇಲೆ ನಗು ಬಂತು. ಅವರು ಏನು ಮಾಡಿದರೆಂಬುದು ನನ್ನ ಮುಂದೆಯೇ ಇತ್ತು, ಮಣ್ಣಿನಲ್ಲಿ, ಒಂದು ಕರಟದಷ್ಟು ಆಳ. ಅರ್ಧ ದಾರಿಯಲ್ಲಿ ಇಳಿಸಿಬಿಡಬಹುದಿತ್ತು. ಇಳಿಸಲಿಲ್ಲ.

ಸೀರೆಯ ಚೂರನ್ನು ಒದ್ದೆ ಮಾಡಿಕೊಂಡು, ಅಂಚಿನಿಂದ ಮೊಣಕಾಲಿನ ಗುಳಿಗಳವರೆಗೆ ಒಂದೊಂದೇ ಹೆಜ್ಜೆಯನ್ನು ಒರೆಸಿದೆ. ಬೆರಳುಗಳ ಸಂದಿಯ ಬೂದಿಯನ್ನೂ ಬಿಡಲಿಲ್ಲ. ಇಂದಲ್ಲದಿದ್ದರೆ ಇನ್ನು ನನಗೆ ಇವನ್ನು ಒರೆಸುವ ದಿನವಿಲ್ಲ. ಕಡೆಯದನ್ನು ಒರೆಸಿ ಏಳುವಷ್ಟರಲ್ಲಿ, ನಾಳೆ ಮೇಷ್ಟ್ರು ಕೇಳಿದಾಗ ಯಾವ ಹೆಸರು ಹೇಳಬೇಕು ಎನ್ನುವುದು ನನ್ನೊಳಗೆ ತೀರ್ಮಾನವಾಗಿತ್ತು. ಗಿರಿಯಣ್ಣನದು ಎನ್ನುತ್ತೇನೆ, ದನಿ ನಡುಗದ ಹಾಗೆ. ಮಗಳಿಗೂ ಹೇಳುವುದಿಲ್ಲ.

ಈರಜ್ಜಿ ಪೊರಕೆ ಹೆಗಲಿಗೆ ಹಾಕಿಕೊಂಡು ಬಂದಳು. "ನನ್ನ ಕಡೆ ಬರೀ ಹಲ್ಲಿ, ಇರುವೆ" ಎಂದಳು. "ನಿನ್ನ ಕಡೆ ಏನು? ಯಾಕೆ ಹಂಗೆ ನಿಂತಿದ್ದೀಯೆ?"

"ಕಾಲು ಜೋಮು ಹಿಡ್ಕೊಂಡೈತೆ ಅಜ್ಜಿ" ಎಂದೆ. ಅವಳು ಬಗ್ಗಿ, ಬೈಯುತ್ತಾ, ನನ್ನ ಮೀನಖಂಡವನ್ನು ಎರಡೂ ಕೈಯಿಂದ ಉಜ್ಜತೊಡಗಿದಳು.